ಸಾಲದ ಕಂತು ಕಟ್ಟಲಾಗದಾಗ ಮೊದಲು ಯಾವುದು, ಆಮೇಲೆ ಯಾವುದು? ವಸೂಲಿಯವರನ್ನು ಎದುರಿಸುವ ಸಮಗ್ರ ಮಾರ್ಗದರ್ಶಿ

ಸಾಲದ ಕಾಗದ ಹಿಡಿದು ನನ್ನ ಹತ್ತಿರ ಬರುವವರಲ್ಲಿ ಬಹುತೇಕರು ಒಂದೇ ತಪ್ಪು ಮಾಡಿರುತ್ತಾರೆ. ಯಾರು ಜೋರಾಗಿ ಕೂಗುತ್ತಾರೋ ಅವರಿಗೆ ಮೊದಲು ಕಟ್ಟಿರುತ್ತಾರೆ. ಆ್ಯಪ್ ಸಾಲದವನು ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡುತ್ತಾನೆ, ಇದ್ದ ಐದು ಸಾವಿರ ಅವನಿಗೆ ಹೋಗುತ್ತದೆ. ಆಟೋ ಫೈನಾನ್ಸ್‌ನವರು ಒಂದು ಕಾಗದ ಕಳಿಸಿ ಸುಮ್ಮನಿರುತ್ತಾರೆ. ಆ ಕಾಗದ ಟಿವಿ ಮೇಲೆ ಧೂಳು ಹಿಡಿಯುತ್ತದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲಲ್ಲಿ ಆಟೋ ಇಲ್ಲ.

ಹಾಗಾಗಿ ಇಲ್ಲಿ ಹೇಳುವುದರಲ್ಲಿ ಮುಖ್ಯವಾದದ್ದು ಕ್ರಮ. ಹಂತಗಳನ್ನು ಅದೇ ಸಾಲಿನಲ್ಲಿ ಮಾಡಿ. ಐದನೆಯದನ್ನು ಮೊದಲು ಮಾಡಲು ಹೋದರೆ ಮಾತಾಡಲು ಕೈಯಲ್ಲಿ ಲೆಕ್ಕವೇ ಇರುವುದಿಲ್ಲ.

## ಬೇಕಾದ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್. ಒಂದು ಫೈಲು. ಎಲ್ಲ ಬ್ಯಾಂಕ್ ಖಾತೆಗಳ ಆರು ತಿಂಗಳ ಸ್ಟೇಟ್‌ಮೆಂಟ್. ಸಾಲದ ಒಪ್ಪಂದದ ಪ್ರತಿ, ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಸ್ಪೀಡ್ ಪೋಸ್ಟ್ ಖರ್ಚಿಗೆ ಒಂದಿಷ್ಟು ದುಡ್ಡು. ಮೊಬೈಲಿನಲ್ಲಿ ಕರೆ ರೆಕಾರ್ಡ್ ಆಗುವ ವ್ಯವಸ್ಥೆ. ಇಷ್ಟು ಸಾಕು.

## ಹಂತ 1: ಸಾಲ ತೀರಿಸಲು ಸಾಲ ಮಾಡುವುದನ್ನು ನಿಲ್ಲಿಸಿ

ಇವತ್ತಿನಿಂದಲೇ. ಕ್ರೆಡಿಟ್ ಕಾರ್ಡನ್ನು ಬೀರುವಿನಲ್ಲಿಡಿ. 'ಐದು ನಿಮಿಷದಲ್ಲಿ ಸಾಲ' ಎನ್ನುವ ಆ್ಯಪ್‌ಗಳನ್ನು ಅಳಿಸುವ ಮೊದಲು ಒಪ್ಪಂದ, ಕಟ್ಟಿದ ರಸೀದಿ, ಬಂದ ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕಾಂಟ್ಯಾಕ್ಟ್ಸ್ ಮತ್ತು ಫೋಟೋ ಅನುಮತಿ ತೆಗೆಯಿರಿ. ಆಮೇಲೆ ಅಳಿಸಿ.

## ಹಂತ 2: ಸಾಲದ ಪುಸ್ತಕ ಬರೆಯಿರಿ

ಒಂದೊಂದು ಸಾಲಕ್ಕೆ ಒಂದೊಂದು ಪುಟ. ಕೊಟ್ಟವರು ಯಾರು, ಎಷ್ಟು ತಗೊಂಡಿರಿ, ಎಷ್ಟು ಕಟ್ಟಿದ್ದೀರಿ, ಎಷ್ಟು ಬಾಕಿ, ಬಡ್ಡಿ ಎಷ್ಟು, ಅಡ ಏನಿಟ್ಟಿದ್ದೀರಿ, ಜಾಮೀನು ಯಾರು, ಖಾಲಿ ಚೆಕ್ ಕೊಟ್ಟಿದ್ದೀರಾ. ಕೊನೆಯ ಎರಡನ್ನು ಜನ ಬರೆಯಲು ಮರೆಯುತ್ತಾರೆ. ಆಮೇಲೆ ತಲೆನೋವು ಕೊಡುವುದು ಅವೇ.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ಬರೆಯಿರಿ. 'ನೂರಕ್ಕೆ ಐದು ರೂಪಾಯಿ' ಅಂದರೆ ಕೇಳಲು ಸಣ್ಣದು, ಆದರೆ ಅದು ತಿಂಗಳಿಗೆ. ವರ್ಷಕ್ಕೆ ಶೇಕಡಾ 60. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರು ಅಡವಿಟ್ಟ ಸಾಲಕ್ಕೆ ವರ್ಷಕ್ಕೆ ಶೇಕಡಾ 14, ಅಡವಿಲ್ಲದ ಸಾಲಕ್ಕೆ ಶೇಕಡಾ 16ಕ್ಕಿಂತ ಜಾಸ್ತಿ ತಗೊಳ್ಳುವಂತಿಲ್ಲ. ಮೀಟರ್ ಬಡ್ಡಿಯವನ ಪುಟದಲ್ಲಿ ಈ ಎರಡು ಅಂಕಿಯನ್ನೂ ಪಕ್ಕಪಕ್ಕ ಬರೆದಿಡಿ.

ಮರೆತ ಸಾಲ ಹುಡುಕಲು ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಿನಲ್ಲಿರುವ ಸಾಲಗಳ ದಾಖಲೆ, ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ನೀವು ಮಾಡದ ಸಾಲ ಅದರಲ್ಲಿ ಕಂಡರೆ ಅಲ್ಲೇ ತಕರಾರು ಹಾಕಿ.

ಕೊಟ್ಟ ಕಂಪನಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿದೆಯೇ ಎಂದು ಅದರ ವೆಬ್‌ಸೈಟಿನ ಪಟ್ಟಿಯಲ್ಲಿ ನೋಡಿ. ದೂರು ಯಾರಿಗೆ ಕೊಡಬೇಕು ಎನ್ನುವುದು ಇದರ ಮೇಲೆ ನಿಂತಿದೆ.

## ಹಂತ 3: ಮನೆಗೆ ಎಷ್ಟು ಬೇಕು ಅಂತ ಮೊದಲು ತೆಗೆದಿಡಿ

ಒಂದು ಮನೆಯ ಲೆಕ್ಕ ನೋಡೋಣ. ಗಂಡ ಆಟೋ ಓಡಿಸುತ್ತಾನೆ, ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಇಬ್ಬರದೂ ಸೇರಿ ತಿಂಗಳಿಗೆ 31,000. ಬಾಡಿಗೆ 7,000, ದಿನಸಿ, ಹಾಲು, ಗ್ಯಾಸ್ 8,000, ಮಕ್ಕಳ ಸ್ಕೂಲು 2,500, ಅಜ್ಜಿಯ ಮಾತ್ರೆ 1,000, ಕರೆಂಟು, ನೀರು, ಮೊಬೈಲು 1,500, ಆಟೋದ ಗ್ಯಾಸು, ರಿಪೇರಿ 3,000. ಒಟ್ಟು 23,000. ಉಳಿಯುವುದು 8,000.

ಅವರಿಂದ ಜನ ಕೇಳುತ್ತಿರುವುದು ಎಷ್ಟು? ಆಟೋ ಕಂತು 4,800. ಸಂಘದ ಸಾಲ ವಾರಕ್ಕೆ 700, ನಾಲ್ಕು ವಾರಕ್ಕೆ 2,800. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತ 3,100. ಆ್ಯಪ್ ಸಾಲ 5,000. ಮೀಟರ್ ಬಡ್ಡಿ 1,500. ಒಟ್ಟು 17,200. ಷಡ್ಡಕನ ಕೈಸಾಲ 40,000 ಬೇರೆ ಇದೆ, ಪಾಪ ಅವನು ಕೇಳುತ್ತಿಲ್ಲ.

ಎಂಟು ಸಾವಿರದಲ್ಲಿ ಹದಿನೇಳು ಸಾವಿರ ಕಟ್ಟಲು ಆಗುವುದಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿದರೆ ಎಲ್ಲ ಕಡೆಯೂ ಕಂತು ತಪ್ಪಿದಂತೆಯೇ, ದಂಡ ಮಾತ್ರ ಐದು ಕಡೆ ಬೀಳುತ್ತದೆ.

ಒಂದು ಎಚ್ಚರಿಕೆ. ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಸಂಬಳದ ಖಾತೆ ಇದ್ದರೆ, ಬಂದ ಸಂಬಳವನ್ನು ಬ್ಯಾಂಕು ಸಾಲಕ್ಕೆ ಮುರಿದುಕೊಳ್ಳಬಹುದು. ಕಂತು ತಪ್ಪುವ ಲಕ್ಷಣ ಕಂಡಾಗಲೇ ಸಂಬಳವನ್ನು ಬೇರೆ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಇದರಲ್ಲಿ ಕಳ್ಳತನ ಏನೂ ಇಲ್ಲ. ಅಕ್ಕಿ ಬೇಳೆಗೆ ಬೇಕಾದ ದುಡ್ಡು ಮೊದಲು ನಿಮ್ಮ ಕೈಗೆ ಬರಬೇಕು, ಅಲ್ವಾ?

## ಹಂತ 4: ಸಾಲಗಳನ್ನು ಸಾಲಾಗಿ ನಿಲ್ಲಿಸಿ

ಪ್ರತಿ ಪುಟಕ್ಕೂ ಒಂದು ಪ್ರಶ್ನೆ ಕೇಳಿ: ಇದನ್ನು ಕಟ್ಟದಿದ್ದರೆ ಏನು ಕಳಕೊಳ್ಳುತ್ತೇವೆ?

ಅನ್ನ ಕೊಡುವ ವಸ್ತು ಅಡ ಇದ್ದರೆ ಅದಕ್ಕೆ ಮೊದಲ ಜಾಗ. ಮೇಲಿನ ಮನೆಯಲ್ಲಿ ಅದು ಆಟೋ. ವಾಸದ ಮನೆ, ಅಡವಿಟ್ಟ ಒಡವೆಗೂ ಇದೇ ಮಾತು. ಒಡವೆ ಸಾಲದಲ್ಲಿ ಬಡ್ಡಿಯನ್ನಾದರೂ ಕಟ್ಟಿ ಹರಾಜು ಮುಂದೂಡಲು ಆಗುತ್ತದೆಯೇ ಎಂದು ವಿಚಾರಿಸಿ.

ಎರಡನೆಯ ಜಾಗ, ನೀವು ಕಟ್ಟದಿದ್ದರೆ ಇನ್ನೊಬ್ಬರ ಕುತ್ತಿಗೆಗೆ ಬರುವ ಸಾಲಕ್ಕೆ. ಸಂಘದ ಸಾಲ, ಜಾಮೀನು ಇರುವ ಸಾಲ. ಆಟೋ, ಸಂಘ ಎರಡೂ ಸೇರಿ 7,600. ಉಳಿದದ್ದು 400. ಅಲ್ಲಿಗೆ ಈ ತಿಂಗಳು ಮುಗಿಯಿತು.

ಅಡವಿಲ್ಲದ ಕಾರ್ಡು, ಪರ್ಸನಲ್ ಲೋನು, ಆ್ಯಪ್ ಸಾಲ ಕೊನೆಗೆ. ಜಾಸ್ತಿ ಕೂಗುವವರು ಇವರೇ, ಆದರೆ ಕೋರ್ಟಿಗೆ ಹೋಗದೆ ನಿಮ್ಮ ಮನೆಯಿಂದ ಒಂದು ಚಮಚ ಕೂಡ ಎತ್ತಿಕೊಂಡು ಹೋಗುವ ಹಕ್ಕು ಇವರಿಗಿಲ್ಲ.

ಕಾರ್ಡಿಗೆ 'ಕನಿಷ್ಠ ಮೊತ್ತ' ಕಟ್ಟಿ ನೆಮ್ಮದಿಯಾಗಿರುವವರಿಗೆ ಒಂದು ಲೆಕ್ಕ. ಬಾಕಿ 62,000, ಬಡ್ಡಿ ತಿಂಗಳಿಗೆ ಶೇಕಡಾ 3.5 ಅಂತಿಟ್ಟುಕೊಳ್ಳಿ. ಬಡ್ಡಿ 2,170. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 390. ನೀವು ಕಟ್ಟಿದ 3,100ರಲ್ಲಿ ಅಸಲಿಗೆ ಹೋಗಿದ್ದು 540 ರೂಪಾಯಿ. ಆ ತಿಂಗಳು ಸ್ಕೂಲ್ ಫೀಸ್ ತಪ್ಪಿಸಿ ಇದನ್ನು ಕಟ್ಟಿದ್ದರೆ ಎಂಥ ವ್ಯಾಪಾರ ಅದು!

ಮೀಟರ್ ಬಡ್ಡಿಯವನಿಗೆ ಎಲ್ಲಿ ಜಾಗ ಅಂತ ಕೇಳುತ್ತೀರಿ. ಹೊಡೆಯುವ ಬೆದರಿಕೆ ಇದ್ದರೆ ಅದು ಸಾಲದ ಲೆಕ್ಕ ದಾಟಿ ಪೊಲೀಸ್ ವಿಷಯವಾಯಿತು. ಹಂತ 7 ನೋಡಿ.

## ಹಂತ 5: ಕಂತು ತಪ್ಪುವ ಮೊದಲೇ ಪತ್ರ ಕೊಡಿ

ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬ್ರಾಂಚಿನಲ್ಲಿ ಮ್ಯಾನೇಜರ್ 'ನೋಡೋಣ ಬಿಡಿ' ಅಂದದ್ದಕ್ಕೂ ಇಲ್ಲ. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ಅದಕ್ಕೆ ಮೊದಲು ಹೋಗಿ. ಪತ್ರ ಹೀಗಿರಲಿ:

"ಮಾನ್ಯರೇ, ನನ್ನ ಸಾಲ ಖಾತೆ ಸಂಖ್ಯೆ ಇಂಥದ್ದು. ತಿಂಗಳ ಕಂತು 6,200 ರೂಪಾಯಿ. ಕಳೆದ ತಿಂಗಳು ಕೆಲಸ ಹೋಗಿದೆ, ಕಂಪನಿಯ ಪತ್ರ ಲಗತ್ತಿಸಿದ್ದೇನೆ. ಸಾಲ ತೀರಿಸುವ ಮನಸ್ಸಿದೆ. ಮುಂದಿನ ಆರು ತಿಂಗಳು ತಿಂಗಳಿಗೆ 2,500 ಕಟ್ಟಬಲ್ಲೆ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಬೇಕು. ಖಾತೆಯಿಂದ ತಾನಾಗಿ ಕಂತು ಮುರಿಯುವ ಆಟೋ ಡೆಬಿಟ್‌ಗೆ ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಹಾಕಬೇಡಿ. ಈವರೆಗಿನ ಬಡ್ಡಿ, ದಂಡದ ವಿವರವನ್ನು ಬರಹದಲ್ಲಿ ಕೊಡಿ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕುವುದಿಲ್ಲ ಅಂದರೆ ವಾದ ಬೇಡ. ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಕೂಡ ಕಳಿಸಿ.

ಇಲ್ಲಿ ಜನ ಮಾಡುವ ತಪ್ಪು, ಆಗದ ಮಾತು ಕೊಡುವುದು. 'ಮುಂದಿನ ವಾರ ಪೂರ್ತಿ ಕಟ್ತೀನಿ ಸಾರ್' ಅಂತ ಮೂರು ಸಲ ಹೇಳಿದವರ ನಾಲ್ಕನೇ ಮಾತನ್ನು ಯಾರೂ ನಂಬುವುದಿಲ್ಲ. 2,500 ಆಗುತ್ತದೆ ಅನ್ನಿಸಿದರೆ 2,000 ಅಂತ ಬರೆಯಿರಿ, ಅದನ್ನು ತಪ್ಪದೆ ಕಟ್ಟಿ.

ಲೆಕ್ಕದ ಕಾಗದ ಬಂದ ಮೇಲೆ ದಂಡದ ಸಾಲು ಓದಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರಿಂದ ಕಂತು ತಪ್ಪಿದ್ದಕ್ಕೆ ದಂಡ ಶುಲ್ಕ ಹಾಕಬಹುದು, ಆದರೆ ಆ ದಂಡದ ಮೇಲೆ ಮತ್ತೆ ಬಡ್ಡಿ ಏರಿಸುವಂತಿಲ್ಲ. ಏರಿಸಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.

## ಹಂತ 6: ಫೋನು ಬಂದಾಗ, ಬಾಗಿಲು ತಟ್ಟಿದಾಗ

ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಡಿ. ಆಗ ಅವರು ನಿಮ್ಮ ಅತ್ತೆಗೆ, ಆಫೀಸಿಗೆ ಹಚ್ಚುತ್ತಾರೆ. ದಿನಕ್ಕೆ ಒಂದು ಸಲ ಎತ್ತಿ, ಚಿಕ್ಕದಾಗಿ ಮಾತಾಡಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಮಾತು ಹೀಗೆ ಸಾಗುತ್ತದೆ:

"ಸಾಯಂಕಾಲ ಐದರೊಳಗೆ ಕಟ್ಟಿಲ್ಲ ಅಂದ್ರೆ ಪೊಲೀಸ್ ಕಳಿಸ್ತೀವಿ ನೋಡಿ."

"ನಿಮ್ಮ ಹೆಸರೇನು? ಯಾವ ಏಜೆನ್ಸಿ? ಬ್ಯಾಂಕು ನಿಮಗೆ ಕೊಟ್ಟಿರೋ ಅಧಿಕಾರ ಪತ್ರ ವಾಟ್ಸಾಪ್ ಮಾಡಿ. ಕರೆ ರೆಕಾರ್ಡ್ ಆಗ್ತಿದೆ."

"ಅದೆಲ್ಲ ನಿಮಗ್ಯಾಕೆ? ದುಡ್ಡು ಯಾವಾಗ ಕಟ್ತೀರಾ ಹೇಳಿ."

"ಬ್ಯಾಂಕಿಗೆ ಪತ್ರ ಕೊಟ್ಟಿದೀನಿ. ಅದರ ಉತ್ತರ ಬರಲಿ. ಇಡ್ತೀನಿ."

ಇಷ್ಟೇ. ಬೈದರೆ ತಿರುಗಿ ಬೈಯಬೇಡಿ. ನಿಮ್ಮ ರೆಕಾರ್ಡಿಂಗ್‌ನಲ್ಲಿ ನಿಮ್ಮ ಬೈಗುಳವೂ ಇದ್ದರೆ ದೂರಿನ ತೂಕ ಇಳಿಯುತ್ತದೆ.

ಪೊಲೀಸ್ ಬೆದರಿಕೆ ಬಗ್ಗೆ ಹೇಳಿಬಿಡುತ್ತೇನೆ. ಕಷ್ಟ ಬಂದು ಸಾಲ ಕಟ್ಟಲಾಗದಿರುವುದು ಸಿವಿಲ್ ವಿಷಯ. ಅದಕ್ಕೆ ಪೊಲೀಸರು ಹಿಡಿದುಕೊಂಡು ಹೋಗುವಂತಿಲ್ಲ. ಸುಳ್ಳು ದಾಖಲೆ ಕೊಟ್ಟು ಸಾಲ ತೆಗೆದಿದ್ದರೆ, ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ. ವಾಟ್ಸಾಪಿನಲ್ಲಿ ಬರುವ ಸಿಂಹದ ಮುದ್ರೆಯ 'ಅರೆಸ್ಟ್ ವಾರಂಟ್' ನೋಡಿ ಹೆದರಬೇಡಿ. ಬೆದರಿಸುವವರು ಅಂಥ ಕಾಗದವನ್ನು ಮೊಬೈಲಿನಲ್ಲೇ ತಯಾರು ಮಾಡುತ್ತಾರೆ.

ಗಡಿಯಾರದ ನಿಯಮ ನೆನಪಿಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿ ಏಜೆಂಟರು ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಆದೇಶ ಮಾಡಿದೆ. ಸಂಘದ ಸಾಲದಂಥ ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿಕೊಂಡ ಒಂದು ಜಾಗದಲ್ಲಿ. ನೀವು ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಹಾಗಾಗಿ ದುಡ್ಡಿಲ್ಲದಿದ್ದರೂ ಸೆಂಟರ್ ಮೀಟಿಂಗ್, ಅಂದರೆ ಕಂತು ಕಟ್ಟಲು ಸಂಘದವರು ಸೇರುವ ಸಭೆ, ತಪ್ಪಿಸಬೇಡಿ. ಹೋಗಿ, 'ಈ ವಾರ ಇಲ್ಲ' ಅಂತ ಹೇಳಿ ಬನ್ನಿ. ಮುಜುಗರ ಆಗುತ್ತದೆ, ನಿಜ. ಆದರೆ ಆ ಹತ್ತು ನಿಮಿಷದ ಮುಜುಗರದಿಂದ ಮನೆ ಬಾಗಿಲಿನ ರಂಪ ತಪ್ಪುತ್ತದೆ.

ನೆಂಟರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಿರುಕುಳ ಕೊಡುವುದು, ಸಾಲಗಾರರ ಹೆಸರು ಬಹಿರಂಗ ಮಾಡುವುದು, ಗೋಡೆ ಮೇಲೆ ಬರೆಯುವುದು, ಕೆಟ್ಟ ಮಾತಾಡುವುದು ಯಾವುದಕ್ಕೂ ಅನುಮತಿ ಇಲ್ಲ. ಬಾಗಿಲಿಗೆ ಬಂದವರ ಗುರುತಿನ ಚೀಟಿ, ಅಧಿಕಾರ ಪತ್ರದ ಫೋಟೋ ತೆಗೆಯಿರಿ. ಒಳಗೆ ಕರೆಯಬೇಡಿ, ಹೊಸ್ತಿಲಲ್ಲೇ ಮಾತಾಡಿ. ಪಕ್ಕದ ಮನೆಯವರೊಬ್ಬರು ಜೊತೆಗಿರಲಿ. ಕೈಗೆ ನಗದು ಕೊಡಬೇಡಿ. ಕೊಡಲೇಬೇಕಾಗಿ ಬಂದರೆ ಕಂಪನಿಯ ಅಚ್ಚಾದ ರಸೀದಿ ಬರೆಸಿಕೊಂಡ ಮೇಲೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ.

ಸಾಲ ತುಂಬಾ ಹಳೆಯದಾಗಿ, ಕೊನೆಯ ಕಂತು ಕಟ್ಟಿ ಮೂರು ವರ್ಷ ದಾಟಿದ್ದರೆ ಇನ್ನೂ ಹುಷಾರಾಗಿರಿ. 'ಸುಮ್ನೆ ಒಂದು ಸಾವಿರ ಹಾಕಿ, ಇಲ್ಲೊಂದು ಸಹಿ ಮಾಡಿ' ಅನ್ನುತ್ತಾರೆ. ದಾವೆ ಹಾಕುವ ಅವಧಿ ಮುಗಿದ ಸಾಲಕ್ಕೆ ನಿಮ್ಮ ಸಹಿಯಿಂದ ಮತ್ತೆ ಜೀವ ಬರಬಹುದು. ವಕೀಲರಿಗೆ ತೋರಿಸದೆ ಮಾಡಬೇಡಿ.

ಮನೆಯಲ್ಲಿ ಯಾರಾದರೂ ರಾತ್ರಿಯಿಡೀ ಎದ್ದು ಕೂರುತ್ತಿದ್ದರೆ, 'ನಾನಿಲ್ಲದಿದ್ದರೆ ಸಾಲ ತೀರುತ್ತೆ' ಎಂಬಂಥ ಮಾತಾಡಿದರೆ, ಈ ಹಂತಗಳನ್ನೆಲ್ಲ ಅಲ್ಲೇ ನಿಲ್ಲಿಸಿ. ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ತಕ್ಷಣ 112.

## ಹಂತ 7: ದೂರಿನ ಮೆಟ್ಟಿಲು

ಒಂದೊಂದೇ ಮೆಟ್ಟಿಲು ಹತ್ತಿ. ನೇರ ರಿಸರ್ವ್ ಬ್ಯಾಂಕಿಗೆ ಹೋದರೆ ದೂರು ವಾಪಸ್ ಬರುತ್ತದೆ.

ಮೊದಲು ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ತಾರೀಕು, ಸಮಯ, ಕರೆ ಬಂದ ನಂಬರು, ಆಡಿದ ಮಾತು ಇರಲಿ. 'ತುಂಬಾ ಹಿಂಸೆ ಕೊಡುತ್ತಿದ್ದಾರೆ' ಅಂತ ಬರೆದರೆ ಯಾರೂ ಓದುವುದಿಲ್ಲ. '12ನೇ ತಾರೀಕು ರಾತ್ರಿ 9.40ಕ್ಕೆ ನನ್ನ ತಂಗಿಗೆ ಫೋನ್ ಮಾಡಿ ಹೀಗೆ ಬೈದರು' ಅಂತ ಬರೆದರೆ ಓದುತ್ತಾರೆ. ದೂರಿನ ನಂಬರು ತಗೊಳ್ಳಿ.

30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಓಂಬುಡ್ಸ್‌ಮನ್ ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿ. ಸಿಎಂಎಸ್ ಎಂಬ ದೂರಿನ ವೆಬ್‌ಸೈಟಿನಲ್ಲಿ ಪುಕ್ಕಟೆ. ಸಹಾಯವಾಣಿ 14448. ತಿಂಗಳುಗಟ್ಟಲೆ ತಡಮಾಡಬೇಡಿ.

ಸಾಲ ಕೊಟ್ಟವನು ಮೀಟರ್ ಬಡ್ಡಿಯವನಂತೆ ಎಲ್ಲೂ ನೋಂದಣಿಯೇ ಆಗದವನಾದರೆ ದಾರಿ ಬೇರೆ. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರು ಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ಕೊಡಲು ಪೊಲೀಸ್ ಠಾಣೆಗೆ ಹೋಗುವಾಗ ಸಾಲದ ಪುಸ್ತಕದ ಆ ಪುಟದ ಜೆರಾಕ್ಸ್ ಒಯ್ಯಿರಿ. ಠಾಣೆಯಲ್ಲಿ ದೂರು ತಗೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಬರಹದಲ್ಲಿ ಕಳಿಸಿ.

ಆ್ಯಪ್‌ನವರು ಫೋಟೋ ತಿರುಚಿ ಕಳಿಸುತ್ತೇವೆ ಅಂದರೆ, ಕಳಿಸಿಯೇ ಬಿಟ್ಟಿದ್ದರೆ, ಅವತ್ತೇ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ಹಾಕಿ. ದುಡ್ಡು ಕಟ್ಟಿದರೆ ನಿಲ್ಲಿಸುತ್ತಾರೆ ಅಂದುಕೊಳ್ಳಬೇಡಿ. ಹೆದರಿ ಕಟ್ಟಿದವರನ್ನು ಮತ್ತೆ ಹೆದರಿಸುತ್ತಾರೆ. ನೆಂಟರಿಷ್ಟರಿಗೆ ನೀವೇ ಮೊದಲು ಒಂದು ಮೆಸೇಜ್ ಹಾಕಿಬಿಡಿ: 'ನನ್ನ ಹೆಸರಲ್ಲಿ ಕೆಟ್ಟ ಫೋಟೋ ಬಂದರೆ ಅದು ಮೋಸ, ಡಿಲೀಟ್ ಮಾಡಿ.' ಅಲ್ಲಿಗೆ ಅವರ ಅರ್ಧ ಶಕ್ತಿ ಹೋಯಿತು.

## ಹಂತ 8: ಸೆಟಲ್‌ಮೆಂಟ್

ಸೆಟಲ್‌ಮೆಂಟ್ ಅಂದರೆ ಬಾಕಿಯ ಒಂದು ಭಾಗ ಕಟ್ಟಿ ಸಾಲ ಮುಗಿಸುವ ಒಪ್ಪಂದ. ಇಲ್ಲಿ ನಾನೇ ಕೈ ಸುಟ್ಟುಕೊಂಡವನು. ಕೆಲವು ವರ್ಷದ ಹಿಂದೆ ಕಾರ್ಡಿನ ಬಾಕಿ 80,000ಕ್ಕೆ 'ಮೂವತ್ತೈದು ಸಾವಿರ ಕಟ್ಟಿ, ಮುಗಿಸಿಬಿಡೋಣ' ಅಂತ ಒಬ್ಬ ಹುಡುಗ ಫೋನಿನಲ್ಲಿ ಹೇಳಿದ. ಮಾತು ನಯವಾಗಿತ್ತು. ಕಟ್ಟಿದೆ. ಎಂಟು ತಿಂಗಳಾದ ಮೇಲೆ ಬೇರೆ ಏಜೆನ್ಸಿಯಿಂದ ಫೋನು, ಉಳಿದ ನಲವತ್ತೈದು ಸಾವಿರ, ಅದರ ಬಡ್ಡಿ ಬೇರೆ. ನಾನು ಕಟ್ಟಿದ್ದು 'ಭಾಗಶಃ ಪಾವತಿ' ಅಂತ ದಾಖಲಾಗಿತ್ತು. ಆ ಹುಡುಗನ ನಂಬರು ಚಾಲ್ತಿಯಲ್ಲಿರಲಿಲ್ಲ.

ಹಾಗಾಗಿ ಒಂದು ರೂಪಾಯಿ ಹಾಕುವ ಮೊದಲು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಬರಲಿ. ಅದರಲ್ಲಿ ಸಾಲ ಖಾತೆ ಸಂಖ್ಯೆ, ಒಟ್ಟು ಬಾಕಿ, ಒಪ್ಪಿಕೊಂಡ ಮೊತ್ತ, ಕಟ್ಟುವ ಕೊನೆಯ ದಿನ, ಉಳಿದದ್ದನ್ನು ಬಿಟ್ಟಿದ್ದೇವೆ ಎಂಬ ಮಾತು ಇಷ್ಟೂ ಇರಬೇಕು. ಪತ್ರ ಅಸಲಿಯೇ ಎಂದು ಬ್ರಾಂಚಿಗೆ ಹೋಗಿ ಅಥವಾ ಬ್ಯಾಂಕಿನ ಅಧಿಕೃತ ಇಮೇಲ್‌ಗೆ ಬರೆದು ಖಾತ್ರಿ ಮಾಡಿಕೊಳ್ಳಿ. ದುಡ್ಡು ಸಾಲದ ಖಾತೆಗೇ ಹೋಗಬೇಕು. ಏಜೆಂಟನ ಫೋನ್‌ಪೇ ನಂಬರಿಗೆ ಹಾಕಿದರೆ ಅದು ಸಾಲಕ್ಕೆ ಸೇರಿತು ಅಂತ ಹೇಗೆ ತೋರಿಸುತ್ತೀರಿ?

ಅವಸರ ಮಾಡಬೇಡಿ. 'ಇವತ್ತೇ ಕೊನೆ ಆಫರ್' ಎಂಬ ಮಾತು ಪ್ರತಿ ತಿಂಗಳ ಕೊನೆಗೂ ಕೇಳಿಸುತ್ತದೆ. ಹೀಗೆ ಮುಗಿಸಿದ ಸಾಲ ಕ್ರೆಡಿಟ್ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಅಂತ ಬರುವುದಿಲ್ಲ, 'ಸೆಟಲ್ಡ್' ಅಂತ ಬರುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಅಡ್ಡ ಬರಬಹುದು. ಪೂರ್ತಿ ಕಟ್ಟುವ ತಾಕತ್ತಿದ್ದರೆ ಪೂರ್ತಿ ಕಟ್ಟಿ.

## ಹಂತ 9: ನೋಟಿಸ್ ಬಂದರೆ

ಪೋಸ್ಟ್‌ಮ್ಯಾನ್ ತಂದ ಕಾಗದವನ್ನು ಬೇಡ ಅನ್ನಬೇಡಿ. ತಗೊಳ್ಳಿ, ತಲುಪಿದ ತಾರೀಕನ್ನು ಕವರಿನ ಮೇಲೆ ಬರೆಯಿರಿ. ದಿನದ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಚೆಕ್ ಬೌನ್ಸ್ ನೋಟಿಸ್ ಆದರೆ ಕೈಯಲ್ಲಿರುವುದು 15 ದಿನ. ಅಷ್ಟರಲ್ಲಿ ಚೆಕ್ಕಿನ ಮೊತ್ತ ಕಟ್ಟದಿದ್ದರೆ ಕ್ರಿಮಿನಲ್ ಕೇಸ್ ಹಾಕಬಹುದು, ಎರಡು ವರ್ಷದವರೆಗೆ ಜೈಲು ಇದೆ. ಇದನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ.

ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಕ್ಕೆ ತಗೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವುದು ಸರ್ಫೇಸಿ ಕಾಯ್ದೆ. ಮನೆ ಅಡವಿಟ್ಟ ಸಾಲಕ್ಕೆ ಅದರ ನೋಟಿಸ್ ಬಂದರೆ 60 ದಿನ ಇದೆ. ಆ ಅವಧಿಯಲ್ಲಿ ನಿಮ್ಮ ಆಕ್ಷೇಪ ಬರೆದು ಕೊಡಿ, 15 ದಿನದಲ್ಲಿ ಬ್ಯಾಂಕು ಉತ್ತರಿಸಬೇಕು. ಮನೆ ವಶಕ್ಕೆ ತಗೊಳ್ಳುವ ಕ್ರಮ ಶುರುವಾದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಸಹಾಯವಾಣಿ 15100. ಲೋಕ ಅದಾಲತ್‌ಗೆ ಕರೆ ಬಂದರೆ ಸಾಲದ ಪುಸ್ತಕ ಹಿಡಿದು ಹೋಗಿ. ಆದರೆ ಅಲ್ಲಿ ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬಲ ಇದೆ, ಮೇಲ್ಮನವಿ ಇಲ್ಲ. ಆಗದ ಮೊತ್ತಕ್ಕೆ ತಲೆಯಾಡಿಸಿ ಬರಬೇಡಿ.

## ಹಂತ 10: ಕಟ್ಟಿ ಮುಗಿದ ದಿನ ಮಾಡುವ ಕೆಲಸ

ಸಾಲ ತೀರಿತು ಅಂತ ಪುಸ್ತಕ ಅಟ್ಟಕ್ಕೆ ಹಾಕಬೇಡಿ. ಬಾಕಿ ಇಲ್ಲ ಎಂಬ ಪತ್ರ, ಕೊಟ್ಟಿದ್ದ ಖಾಲಿ ಚೆಕ್ಕುಗಳು, ಒಪ್ಪಂದದ ಮೂಲ ಪ್ರತಿ ವಾಪಸ್ ಕೇಳಿ. ಮನೆ, ಸೈಟಿನ ಪತ್ರ ಇಟ್ಟಿದ್ದರೆ ಸಾಲ ಪೂರ್ತಿ ತೀರಿದ 30 ದಿನದೊಳಗೆ ಕೊಡಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಅವರೇ ನಿಮಗೆ ಪರಿಹಾರ ಕೊಡಬೇಕು. ಆಟೋ ಕಂತು ಮುಗಿದಿದ್ದರೆ ಫೈನಾನ್ಸ್‌ನವರಿಂದ ಎನ್‌ಒಸಿ (ನಮ್ಮ ಆಕ್ಷೇಪ ಇಲ್ಲ ಎಂಬ ಪತ್ರ) ಮತ್ತು ಸಹಿ ಹಾಕಿದ ಫಾರಂ 35 ತಗೊಂಡು ಆರ್‌ಟಿಒಗೆ ಹೋಗಿ, ಆರ್‌ಸಿಯಿಂದ ಅವರ ಹೆಸರು ತೆಗೆಸಿ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ಮತ್ತೆ ತೆಗೆಸಿ ನೋಡಿ. ಅಲ್ಲಿ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ಬಾಕಿ ಇಲ್ಲದ ಪತ್ರದ ಪ್ರತಿ ಹಾಕಿ ತಕರಾರು ಸಲ್ಲಿಸಿ. ಸರಿಯಾದ ರಿಪೋರ್ಟ್ ಕೈಗೆ ಬಂದ ಮೇಲೆ ಆ ಪುಟಕ್ಕೆ ಅಡ್ಡಗೆರೆ ಎಳೆಯಿರಿ, ಅಲ್ಲಿಗೆ ಹೋಗುತ್ತಿದ್ದ ಕಂತನ್ನು ಸಾಲಿನಲ್ಲಿ ಮುಂದೆ ನಿಂತವರ ಪುಟಕ್ಕೆ ಸೇರಿಸಿ.